ಶಂಕ್ರೆವ್ವನ ಕಿವಿ

ರಬಕವಿ
೧೪ ಜನವರಿ ೨೦೨೪

ಯಲ್ಲಿ,

ಯಲ್ಲಕ್ಕ ಅಂತ ಬರೀಲೋ, ಸಾಲ್ಯಾಗ ಕರದಂಗ ಯಲ್ಲಿ ಅಂತ ಬರೀಲೋ ತಿಳೀಲಿಲ್ಲ. ಎರಡು ಹಾಳಿ ಹರದು ಒಗದ ಮ್ಯಾಲೆ ಯಲ್ಲಿ ಅಂತನ ಬರದೇನಿ. ಸಿಟ್ಟು ಬಂದ್ರ ಬರ್ಲಿ.

ನಾಳೆ ಸಂಕ್ರಮಣ. ಈ ಲಕೋಟಿಯೊಳಗ ಒಂದು ಚಿಮಟಿ ಕುಸರೆಳ್ಳು ಕಟ್ಟಿ ಇಟ್ಟೇನಿ. ನಮ್ಮ ಹಳೇ ಊರಾಗ ನಾವಿಬ್ರೂ ಹೊಸಾ ಲಂಗಾ ಉಟ್ಟು ಮನಿಮನಿಗೆ ಕುಸರೆಳ್ಳು ಕೊಡಾಕ ಹೋಗ್ತಿದ್ವಿ. ನೀ ದಾರ್ಯಾಗನ ಅರ್ಧಾ ತಿಂದು ಮುಗಸ್ತಿದ್ದಿ. ಆ ಊರು ಈಗ ಹೊಳಿ ಹಿನ್ನೀರಿನಾಗ ಐತಿ. ಸಾಲಿ, ಸಾಲಿ ಮುಂದಿನ ಬೇವಿನ ಗಿಡ, ನಿಮ್ಮ ಕುರಿ ಹಟ್ಟಿ, ಎಲ್ಲಾ ನೀರಾಗ. ಅದನ್ನೆಲ್ಲಾ ನನ್ನ ಜೋಡಿ ಕಂಡಾಕಿ ಈಗ ನೀ ಒಬ್ಬಾಕಿ ಉಳದಿ. ಅದಕ್ಕ ನೀ ಮಾತು ಬಿಟ್ಟಿದ್ದು ನನಗ ಭಾಳ ಹತ್ತೈತಿ.

ದೀಪಾವಳಿ ಮುಂದ ತೇರದಾಳ ಬಸ್ ಸ್ಟ್ಯಾಂಡಿನಾಗ ನಿನ್ನ ಕಂಡೆ. "ಯಲ್ಲೀ" ಅಂತ ಒದರಿದೆ. ನೀ ತಿರುಗಿ ನೋಡಿದಿ. ನೋಡಿ, ಮಾರಿ ಹೊಳ್ಳಿಸಿ ಜಮಖಂಡಿ ಬಸ್ ಹತ್ತಿದಿ. ಅರವತ್ತು ದಾಟಿದಾಕಿ ಅಷ್ಟು ಮಂದಿ ನಡುವ ನಿಂತು ಅತ್ತೆ.

ಸಿಟ್ಟು ನನಗೂ ಐತಿ ಯಲ್ಲಿ. ಕರೋನಾ ಎರಡನೇ ಸಲ ಬಂದಾಗ ರೇಷ್ಮಾ ಹಡದ ಸುದ್ದಿ ಹೇಳಾಕ ನೀನ ನನಗ ಫೋನ್ ಮಾಡಿದ್ದಿ. ಮಗಳು ಹಡದಾಗ ನೆನಪಾದಾಕಿ ನಾನು, ಮಗ ಹೋದಾಗ ನೆನಪಾಗಲಿಲ್ಲೇನು? ಪರಮೇಶ ಹೋದ ಎರಡು ತಿಂಗಳಿಗೆ ನಿನ್ನ ಮೈದುನ ಅಮಸಿದ್ದಪ್ಪ ಕಂಬಳಿ ಮಾರಾಕ ಇಲ್ಲಿಗೆ ಬಂದಿದ್ದ. ಅಂವ ನನ್ನ ಎದುರಿಗೆ ಕುಂತು ಹೇಳಿದ ಮ್ಯಾಲೆ ನನಗ ಗೊತ್ತಾತು. ಮರುದಿನಾನ ಬೀಳಗಿಗೆ ಬಂದೆ. ನಿನ್ನ ಮನಿಗೆ ಕೀಲಿ ಬಿದ್ದಿತ್ತು. ಮಗ್ಗಲ ಮನಿ ಸಾತವ್ವ, ನೀ ಲೋಕಾಪುರಕ್ಕ ಮಗಳ ಮನಿಗೆ ಹೋಗೀದಿ ಅಂತ ಕೈಮಾಡಿ ಹೇಳಿದ್ಲು.

ಪರಮೇಶ ನನ್ನ "ರಬಕವಿ ಅವ್ವ" ಅಂತಿದ್ದ. ಸೂಟಿಗೆ ಬಂದ್ರ ನನ್ನ ಮಗ ವೀರೇಶನ ಜೋಡಿ ಮಗ್ಗದ ಕೆಳಗ ಮಲಗ್ತಿದ್ದ. ಅಂವ ನಿನ್ನೊಬ್ಬಾಕಿ ಮಗ ಆಗಿರಲಿಲ್ಲ. ನನ್ನ ತಪ್ಪು ಏನು, ಬರದು ತಿಳಸು. ಫೋನ್ ಮಾತ್ರ ಮಾಡಬ್ಯಾಡ, ನನಗ ಫೋನ್ ಸೇರೂದಿಲ್ಲ.

ನಿನ್ನ
ಶಂಕ್ರಿ


ಬೀಳಗಿ
೨ ಫೆಬ್ರುವರಿ ೨೦೨೪

ಶಂಕ್ರೆವ್ವಗ,

ಕಾಗದ ಮುಟ್ಟೈತಿ. ಉತ್ತರ ಬರೀಬಾರದು ಅಂತ ಇದ್ದೆ. ನೀ ಕೇಳಿದ್ದು ನೋಡಿ ಕೈ ತಡೀಲಿಲ್ಲ.

ರೇಷ್ಮಾ ಹಡದಿದ್ದು ಜೂನ್ ಏಳಕ್ಕ. ನಾ ನಿನಗ ಫೋನ್ ಮಾಡಿದ್ದು ಮೇ ಹದಿನೆಂಟಕ್ಕ, ಮುಂಜಾನೆ ಹತ್ತರ ಸುಮಾರು. ಅವತ್ತ ನಸಿಕಿನ್ಯಾಗ ಪರಮೇಶ ದವಾಖಾನ್ಯಾಗ ಜೀವಾ ಬಿಟ್ಟಿದ್ದ. ಹೆಣಾ ಮನಿಗೆ ಬರಲಿಲ್ಲ. ಮಂದಿ ಮನಿಗೆ ಬರೂವಂಗಿರಲಿಲ್ಲ. ಅಮಸಿದ್ದಪ್ಪ ಓಣಿ ತುದಿಗೆ ನಿಂತು ಅಳತಿದ್ದ. ನನಗ ಯಾರರ ಒಬ್ರ ದನಿ ಬೇಕಾಗಿತ್ತು. ಎಲ್ಲಾರಿಗಿಂತ ಮೊದಲ ನಿನಗ ಹಚ್ಚಿದೆ.

"ಶಂಕ್ರಿ, ಪರಮೇಶ ಹೋದ" ಅಂದೆ.

ನೀ ಏನಂದಿ, ನೆನಪೈತೇನು? "ಛಲೋ ಆತು ಬಿಡು ಯಲ್ಲಿ, ದೇವರು ಕಣ್ಣು ತೆರೆದ. ಮಂದಿಗೆ ಸಕ್ಕರಿ ಹಂಚು" ಅಂದಿ. ನಕ್ಕಿ. ಫೋನ್ ಇಟ್ಟಿ.

ಕುಸರೆಳ್ಳು ನಾ ತಿಂದಿಲ್ಲ. ಇರುವಿಗೆ ಹಾಕೇನಿ.

ಯಲ್ಲಕ್ಕ


ರಬಕವಿ
೧೩ ಫೆಬ್ರುವರಿ ೨೦೨೪

ಯಲ್ಲಿ,

ನಿನ್ನ ಕಾಗದ ಬಂದು ಎಂಟು ದಿನಾ ಆತು. ಎಂಟು ದಿನಾ ನಾ ಅನ್ನಾ ಉಂಡೇನೋ ಇಲ್ಲೋ ನೆನಪಿಲ್ಲ. ನಾ ಆಡಿದ ಮಾತು ನಿನ್ನ ಅಕ್ಷರದಾಗ ಓದಿದೆ. ನಾ ಹಂಗಂದಿದ್ದು ಖರೆ. ನೆಪ ಹೇಳೂದಿಲ್ಲ. ಏನಾತು ಅನ್ನೂದನ್ನ ಅಷ್ಟ ಹೇಳ್ತೇನಿ.

ನನಗ ಕಿವಿ ಕೇಳೂದಿಲ್ಲ. ಹತ್ತು ವರ್ಷ ಆತು.

ಮದಿವ್ಯಾಗಿ ಈ ಊರಿಗೆ ಬಂದಾಗ ಮನ್ಯಾಗ ಕೈಮಗ್ಗ ಇತ್ತು. ಲಾಳಿ ಅತ್ತ ಹೋಗಿ ಇತ್ತ ಬರೂದ್ರೊಳಗ ಒಂದು ಮಾತು ಆಡಬಹುದಿತ್ತು. ನೀ ಬಂದಾಗೆಲ್ಲಾ ಮಗ್ಗದ ಕುಣಿ ದಂಡಿಗೆ ಕುಂತು ಹರಟಿ ಹೊಡೀತಿದ್ದಿ, ನಾ ಸೀರಿ ನೇಯ್ಕೋತ ಕೇಳ್ತಿದ್ದೆ. ಆಮ್ಯಾಲೆ ಪಾವರ್‌ಲೂಮ್ ಬಂದುವು, ನಾಕು ಮಗ್ಗ ಒಂದ ಖೋಲ್ಯಾಗ. ಆ ಖೋಲ್ಯಾಗ ಮಾತು ಅನ್ನೂದ ಇಲ್ಲ. ನಾನು, ನನ್ನ ಗಂಡ ಶಿದ್ರಾಮಪ್ಪ, ಇಬ್ರೂ ಕೈ ಸನ್ನಿಲೇ ಮಾತಾಡ್ತೇವಿ. ಬಾಯಿಗೆ ಎರಡು ಬೆರಳು ಇಟ್ರ ಚಾ. ಮುಷ್ಟಿ ಬಿಚ್ಚಿದ್ರ ನೂಲು ಹರೀತು. ಅದಕ್ಕ ನನ್ನ ಕಿವಿ ಯಾವಾಗ ಹೋತು ಅನ್ನೂದು ಮನ್ಯಾಗ ಯಾರಿಗೂ ತಿಳೀಲಿಲ್ಲ. ನನಗ ತಿಳೀತು. ನಾ ಮುಚ್ಚಿಟ್ಟೆ.

ನಮ್ಮ ಅತ್ತಿಗೂ ಕೇಳ್ತಿರಲಿಲ್ಲ. ಓಣ್ಯಾಗ ಎಲ್ಲಾರೂ ಆಕಿಗೆ ಕಿವುಡವ್ವ ಅಂತಿದ್ರು. ಆಕಿ ಹೂಂ ಅನ್ನಬೇಕಾದಲ್ಲಿ ಊಹೂಂ ಅಂದ್ರ ನಗತಿದ್ರು. ಆಕಿ ಬೆನ್ನ ಹಿಂದ ನಾನೂ ನಕ್ಕೇನಿ. ಆ ಹೆಸರು ನನಗ ಬರಬಾರದಾಗಿತ್ತು.

ಅದಕ್ಕ ಮಂದಿ ಮಾರಿ ನೋಡಿ ಮಾತಾಡಾಕ ಕಲತೆ. ಅವರು ನಕ್ರ "ಛಲೋ ಆತು" ಅನ್ನೂದು. ಮಾರಿ ಸಣ್ಣದಾಗಿದ್ರ "ಏನ್ ಮಾಡೂದು ಬಿಡು" ಅನ್ನೂದು. ಫೋನಿನಾಗ ಮಾರಿ ಎಲ್ಲಿ ಕಾಣಬೇಕು? ಅವತ್ತ ಲಾಕ್‌ಡೌನ್ ಅಂತ ಮಗ್ಗ ಬಂದ್ ಇದ್ದುವು ಯಲ್ಲಿ. ಮನ್ಯಾಗ ಗದ್ದಲದ ನೆಪಾನೂ ಇರಲಿಲ್ಲ. ನಿನ್ನ ದನಿ ಬಂತು, ಮಾತು ಬರಲಿಲ್ಲ. ರೇಷ್ಮಾಗ ದಿನಾ ತುಂಬ್ಯಾವ ಅಂತ ನೀ ಹಿಂದಿನ ವಾರ ಹೇಳಿ ಕಳಿಸಿದ್ದಿ. ಹಡದಾಳ ಅನಕೊಂಡೆ. ನೀ ಅಳಾಕತ್ತಿದ್ದಿ. ನಾ ಅದನ್ನ ನಗು ಅನಕೊಂಡೆ.

"ಏನಂದಿ ಯಲ್ಲಿ, ಇನ್ನೊಂದ್ ಸಲ ಹೇಳು" ಅಂದಿದ್ರ ಮುಗೀತಿತ್ತು. ಅನ್ನಾಕ ನಾಚಿಕಿ ಬಂತು. ನನ್ನ ನಾಚಿಕಿ ಉಳೀತು, ನೀ ಹೋದಿ.

ಕ್ಷಮಾ ಕೇಳಾಕ ಮಾರಿ ಇಲ್ಲ ನನಗ.

ಶಂಕ್ರಿ


ರಬಕವಿ
೬ ಮೇ ೨೦೨೪

ಯಲ್ಲಿ,

ನೀ ಉತ್ತರ ಬರೀಲಿಲ್ಲ. ಬರೀಲಿ ಅಂತನೂ ಇದನ್ನ ಬರೀತಿಲ್ಲ. ಹೇಳಾಕ ನನಗ ಇನ್ಯಾರೂ ಇಲ್ಲ.

ನಿನ್ನ ಕಾಗದಾ ಸೊಸಿ ಮಧುಮತಿ ಕೈಯಾಗ ಕೊಟ್ಟೆ. ಓದಿ ಅಕಿ ಮಗ್ಗ ಬಂದ್ ಮಾಡಿ ಬಂದು ನನ್ನ ಎದುರಿಗೆ ಕುಂತ್ಲು. "ಅತ್ತಿ, ನಾ ಏನರ ಹೇಳಿದ್ರ ನೀವು ಮಾರಿ ತಿರುವಿ ಹೋಗ್ತಿದ್ರಿ. ನನ್ನ ಕಂಡ್ರ ಆಗೂದಿಲ್ಲ ಅಂತ ಆರು ವರ್ಷ ತಿಳಕೊಂಡೇನಿ" ಅಂದ್ಲು. ಬಾಯಿ ನೋಡಿ ಅಷ್ಟೂ ತಿಳಕೊಂಡೆ. ನಿನ್ನೊಬ್ಬಾಕಿನ್ನ ಅಲ್ಲ, ಇನ್ನೂ ಎಷ್ಟು ಮಂದಿನ್ನ ನೋಯಿಸೇನೋ.

ವೀರೇಶ ಯಾವುದೋ ಅಂಗಡ್ಯಾಗಿಂದ ಕಿವಿ ಮಶೀನು ತಂದ. ಕಡಲಿಕಾಳಿನಷ್ಟು ಸಣ್ಣದು, ಕಿವಿಯೊಳಗ ಹೋದ್ರ ಹೊರಗ ಕಾಣೂದಿಲ್ಲ. "ಯಾರಿಗೂ ಗೊತ್ತಾಗೂದಿಲ್ಲ ಅವ್ವ" ಅಂದ. ನನಗೂ ಅದ ಬೇಕಾಗಿತ್ತು, ಖುಷಿ ಆತು. ಹಾಕಿದೆ. ಎಪ್ಪಾ! ಒಗ್ಗರಣಿ ಸಿಡದ್ರ ಮನಿಗೆ ಬೆಂಕಿ ಬಿದ್ದಂಗ. ಕಾಗಿ ನನ್ನ ತಲಿಯೊಳಗ ಕುಂತು ಕೂಗಿದಂಗ. ಮಂದಿ ಮಾತು ಮಾತ್ರ ಮೊದಲಿನಂಗ, ಬರೇ ಗಜಿಬಿಜಿ. ಗಲ್ಲಕ್ಕ ಕೈ ಹಚ್ಚಿದ್ರ ಸೀಟಿ ಹೊಡೀತೈತಿ. ಅದರ ಸೆಲ್ಲು ಜೋಳದ ಕಾಳಿಗಿಂತ ಸಣ್ಣದು. ನಲವತ್ತು ವರ್ಷ ನೂಲು ಎಳದ ಬೆರಳು ನನ್ನುವು, ತುದಿ ಕಲ್ಲಾಗ್ಯಾವ. ಸೆಲ್ಲು ಹಾಕೂದ್ರಾಗ ಮೂರು ಸಲ ಕೆಳಗ ಬಿತ್ತು. ನಾಕನೇ ಸಲ ಬಿದ್ದದ್ದು ಸಿಗಲೇ ಇಲ್ಲ.

ಈಗ ಅದು ಅರಿಷಿಣದ ಡಬ್ಬಿ ಮಗ್ಗಲ ಬಿದ್ದೈತಿ. ನನ್ನ ಹಣೇಬಾರಕ್ಕ ಇಷ್ಟ ಅನಕೊಂಡೇನಿ.

ಇನ್ನೊಂದು ನಿನಗ ಹೇಳಬೇಕು. ಕಿವಿ ಹೋದ ಮ್ಯಾಲೆ ಹಳೇ ಸಪ್ಪಳ ಭಾಳ ನೆನಪಾಗ್ತಾವ. ನಿಮ್ಮ ಹಟ್ಟ್ಯಾಗ ಮುಂಜಾನೆ ಮರಿಗೋಳು ತಾಯಿ ಹುಡುಕೂದು. ನಿಮ್ಮವ್ವ ಹಾಲು ಹಿಂಡೂವಾಗ ತಂಬಗ್ಯಾಗ ಮೊದಲ ಸರ್ ಅಂದು, ತುಂಬಿಕೋತ ಹೋದಂಗ ಆ ಸಪ್ಪಳ ಮೆತ್ತಗಾಗೂದು. ನೀರಾಗ ಮುಳುಗಿದ ಊರಿನ ಸಪ್ಪಳ ಎಲ್ಲಾ ಕೇಳ್ತಾವ ನನಗ. ಎದುರಿನ ಮನಿದು ಕೇಳೂದಿಲ್ಲ.

ಶಂಕ್ರಿ


ಬೀಳಗಿ
೨೪ ಜೂನ್ ೨೦೨೪

ಶಂಕ್ರಿ,

ಫೆಬ್ರುವರಿ ಕಾಗದ ಓದಿದಾಗ ನಾ ನಂಬಲಿಲ್ಲ. ಯಾಕಂದ್ರ ನನಗ ಗೊತ್ತಿದ್ದ ಶಂಕ್ರಿ ಕಿವಿ ಬ್ಯಾರೆನ ಇತ್ತು. ಅಣ್ಣಾಸಾಹೇಬ ಮಾಸ್ತರರು ಹೊಳಿ ಆಚೆ ದಂಡಿಗೆ ದೋಣಿ ಹತ್ತಿದ್ರ, ಹುಟ್ಟಿನ ಸಪ್ಪಳ ಇಡೀ ಸಾಲ್ಯಾಗ ನಿನಗ ಮೊದಲ ಕೇಳ್ತಿತ್ತು. "ಬಂದ್ರು" ಅಂತಿದ್ದಿ, ನಾವೆಲ್ಲಾ ಗಿಡದ ಮ್ಯಾಲಿಂದ ಇಳದು ಪಾಟಿ ಹಿಡಕೊಂಡು ಕುಂದ್ರತಿದ್ವಿ. ಆ ಕಿವಿ ಕಿವುಡಾತು ಅಂದ್ರ ಹ್ಯಾಂಗ ನಂಬಲಿ? ಸುಳ್ಳ ಬರದಾಳ ಅಂತ ಕಾಗದಾ ಮಡಚಿ ಇಟ್ಟೆ.

ಮೇ ತಿಂಗಳದಾಗ ಬಂದಿದ್ದನ್ನ ಓದಿದ ಮ್ಯಾಲೆ ನನಗ ಒಂದು ನೆನಪಾತು. ಅದನ್ನ ನಾ ಯಾರಿಗೂ ಹೇಳಿಲ್ಲ.

ನೀ ಬೀಳಗಿಗೆ ಬಂದಿದ್ದಿ ನೋಡು, ಅವತ್ತ ನಾ ಲೋಕಾಪುರಕ್ಕ ಹೋಗಿರಲಿಲ್ಲ. ಮನಿಯೊಳಗ ಇದ್ದೆ. ನೀ ಬಸ್ ಇಳದಿದ್ದು ಕಂಡು ಸಾತವ್ವನ ಕಡಿಂದ ಹೊರಗಿನಿಂದ ಕೀಲಿ ಹಾಕಿಸಿದೆ. ನೀ ಕಟ್ಟಿ ಮ್ಯಾಲೆ ಕುಂತು ಅತ್ತಿ. ನಾ ಬಾಗಲ ಹಿಂದ ಕುಂತು ಕೇಳಿದೆ. ನಮ್ಮಿಬ್ರ ನಡುವ ಒಂದು ಹಲಗಿ ಇತ್ತು ಅಷ್ಟ. ನೀ ಎದ್ದು ಹೊಂಟಾಗ ನನಗ ತಡೀಲಿಲ್ಲ. "ಶಂಕ್ರಿ" ಅಂದೆ. ಜೋರಾಗಿನ ಅಂದೆ. ಸಾತವ್ವ ಸೈತ ತಿರುಗಿ ನೋಡಿದ್ಲಂತ. ನೀ ನಡಕೋತ ಹೋದಿ.

ಕರದ್ರೂ ನಿಲ್ಲಲಿಲ್ಲ, ಎಂಥಾ ಕಲ್ಲು ಇದು ಅಂತ ಅವತ್ತ ನಿನ್ನ ಪೂರಾ ಬಿಟ್ಟೆ. ತೇರದಾಳದಾಗ ಮಾರಿ ಹೊಳ್ಳಿಸಿದ್ದು ಅದಕ್ಕ. ಈಗ ಕೂಡಿಸಿ ನೋಡಿದ್ರ, ನಿನಗ ಕೇಳಿರಲಿಲ್ಲ ಅಷ್ಟ.

ನೀನೂ ತಪ್ಪು ಮಾಡಿದಿ, ನಾನೂ ಮಾಡಿದೆ. ಪರಮೇಶನ್ನ ನೆನಸಿಕೋತ ಇಬ್ರೂ ಒಬ್ಬೊಬ್ರ ಅಳೂದಾತು.

ಮಶೀನಿನ ಮಾತು. ಡಬ್ಬಿ ಮಗ್ಗಲ ಒಗದು ಹಣೇಬಾರ ಅನಬ್ಯಾಡ. ನಾವು ಸಂತ್ಯಾಗ ಕುರಿ ತರೂವಾಗ ದಲಾಲಿ ತೋರಿಸಿದ್ದ ತರ್ತೇವೇನು? ಹಲ್ಲು ನೋಡ್ತೇವಿ, ಬೆನ್ನು ಹಿಚಕ್ತೇವಿ, ನಾಕು ಹೆಜ್ಜಿ ನಡಿಸ್ತೇವಿ. ನಿನ್ನ ಮಗ ನಿನ್ನ ಕಿವಿ ನೋಡದನ ಮಶೀನು ತಂದಾನ. ಮೊದಲ ಕಿವಿ ತೋರಸು, ತಿಳದವರ ಕಡೆ. ಆಮ್ಯಾಲೆ ಮಶೀನು. ಕಾಣಬಾರದು ಅಂತ ಸಣ್ಣದು ಆರಿಸಿದ್ದು ಸುದ್ದ ನಿನ್ನ ಹಳೇ ನಾಚಿಕೀನ.

ಯಲ್ಲಕ್ಕ


ರಬಕವಿ
೨೬ ಆಗಸ್ಟ್ ೨೦೨೪

ಯಲ್ಲಿ,

ನಿನ್ನ ಕಾಗದಾ ಇಟಕೊಂಡ ಜಮಖಂಡಿಗೆ ಹೋದೆ. ಮಧುಮತಿ ಕರಕೊಂಡು ಹೋದ್ಲು. ಅಲ್ಲಿ ಕಿವಿ ಪರೀಕ್ಷಾ ಮಾಡೂ ಹುಡುಗಿ ಒಬ್ಬಾಕಿ ಅದಾಳ, ಮಾಯಾ ಅಂತ. ಮಾತಾಡೂವಾಗ ನನ್ನ ಎದುರಿಗೆ ಬಂದು, ಬಾಯಿ ಕಾಣೂವಂಗ ನಿಧಾನ ಮಾತಾಡಿದ್ಲು. ಅಷ್ಟಕ್ಕನ ನನಗ ಅಳು ಬಂತು.

ಗೋಡಿಗೆಲ್ಲಾ ಮೆತ್ತನ್ನ ಅರಬಿ ಹೊಡದ ಸಣ್ಣ ಖೋಲ್ಯಾಗ ಕುಂದ್ರಿಸಿ, ಸಪ್ಪಳ ಕೇಳಿದಾಗೊಮ್ಮೆ ಗುಂಡಿ ಒತ್ತು ಅಂದ್ಲು. ಕೇಳದಿದ್ರೂ ಒತ್ತಾಕ ಬೆರಳು ಹೋಗ್ತಿತ್ತು. ಹತ್ತು ವರ್ಷದ ಚಾಳಿ ನೋಡು. ಅಕಿ ಬಾಗಲಾ ತೆಗದು ಬಂದು "ಅಮ್ಮಾ, ಇಲ್ಲಿ ಪಾಸು ನಪಾಸು ಇಲ್ರಿ. ಕೇಳದಿದ್ರ ಸುಮ್ನ ಕುಂದರ್ರಿ" ಅಂದ್ಲು. ಆಮ್ಯಾಲೆ ಖರೆ ಖರೆ ಒತ್ತಿದೆ.

ಹಾಳಿ ಮ್ಯಾಲೆ ಗೆರಿ ತೆಗದು ತೋರಿಸಿದ್ಲು. ಗುಡ್ಡದ ಇಳಿಜಾರಿನಂಗ ಇತ್ತು. ದಪ್ಪ ದನಿ ಇನ್ನೂ ಅದಾವಂತ, ಸಣ್ಣ ದನಿ ಹೋಗ್ಯಾವಂತ. ಅದಕ್ಕ ಮಂದಿ ಮಾತಾಡೂದು ಕೇಳ್ತೈತಿ, ಏನಂದ್ರು ಅನ್ನೂದು ತಿಳೀಯೂದಿಲ್ಲ. ಮಗ್ಗದ ಊರಿನಿಂದ ಇಂಥಾ ಗೆರಿ ಭಾಳ ಬರ್ತಾವಂತ. ವೀರೇಶ ತಂದಿದ್ದು ಎಲ್ಲಾ ಸಪ್ಪಳಾನೂ ಒಂದ ಅಳತಿಗೆ ದೊಡ್ಡದು ಮಾಡ್ತಿತ್ತು. ನನಗ ಬೇಕಾಗಿದ್ದು ಹೋದದ್ದನ್ನ ಅಷ್ಟ ಎತ್ತಿ ಕೊಡೂವಂಥಾದ್ದು.

ಆಮ್ಯಾಲೆ ಅಕಿ ಮಶೀನು ತೋರಿಸಲಿಲ್ಲ. ಪೆನ್ನು ಕೊಟ್ಲು. "ಯಾರ ಮಾತು ಕೇಳಬೇಕ್ರಿ ನಿಮಗ? ಎಲ್ಲೆಲ್ಲಿ? ಬರೀರಿ" ಅಂದ್ಲು. ಒಂದೊಂದ ಬರದೆ. ಒಂದು, ಮಧುಮತಿ ಅಡಿಗಿ ಮನ್ಯಾಗ ಆಡೂದು. ಎರಡು, ಬಸ್ಸಿನಾಗ ಕಂಡಕ್ಟರ್ ಊರ ಹೆಸರು ಕೂಗೂದು. ಮೂರು, ಫೋನು. ನಾಕನೇದ್ದು ನಿನ್ನ ಹೆಸರು ಬರದೆ. "ಇವರು ಯಾರ್ರಿ?" ಅಂದ್ಲು. ಹೇಳಿದೆ, ಎಲ್ಲಾ ಹೇಳಿದೆ.

ಮಗ್ಗದ ಗದ್ದಲ ಕೇಳಬೇಕೇನು ಅಂದಾಗ ಬ್ಯಾಡವ್ವಾ ಅಂದೆ. ಅಲ್ಲಿ ಮಶೀನು ತಗದಿಟ್ಟು, ಸಪ್ಪಳ ತಡಿಯೂ ಮುಚ್ಚಳ ಕಿವಿಗೆ ಹಾಕಬೇಕಂತ, ಉಳದದ್ದರ ಉಳೀಲಿ ಅಂತ. ಮಧುಮತಿಗೂ ಒಂದು ಜೋಡಿ ಹಾಕಿಸೇನಿ. ಅಕಿ ಕಿವಿ ಇನ್ನೂ ಛಲೋ ಅದಾವ.

ನನ್ನ ಬೆರಳು ಮುಟ್ಟಿ ನೋಡಿ, ಸಣ್ಣ ಸೆಲ್ಲಿಂದು ಬ್ಯಾಡ ಅಂದ್ಲು ಮಾಯಾ. ಕಿವಿ ಹಿಂದ ಕುಂದ್ರೂ ಜೋಡಿ ತಗೊಂಡೆ, ಎರಡೂ ಕಿವಿಗೆ. ಡಬ್ಬ್ಯಾಗ ಇಟ್ರ ಫೋನಿನಂಗ ಚಾರ್ಜ್ ಆಗ್ತಾವ. ಬುಗುಡಿ ತಾಗಿ ಕರ್ ಕರ್ ಅಂತಿತ್ತು, ಬುಗುಡಿ ತಗದೆ. ಕೂದಲದಾಗ ಮುಚ್ಚೂವಂಥಾ ಬೂದಿ ಬಣ್ಣದ್ದು ಇತ್ತು. ಮಧುಮತಿ ಅದನ್ನ ಎತ್ತಿದ್ಲು. ನಾ ಕೆಂಪಂದು ಕೊಡು ಅಂದೆ. ಕಾಣಲಿ. ಕಂಡ್ರ ಮಂದಿ ಎದುರಿಗೆ ಬಂದು ಮಾತಾಡ್ತಾರ.

ಸದ್ಯಕ್ಕ ಪರೀಕ್ಷಾಕ್ಕ ಕೊಟ್ಟಾಳ. ಹಾಕಿದ ದಿನಾನ ಕಿವಿ ತಿರುಗಿ ಬರೂದಿಲ್ಲ, ತಲಿಗೆ ಮತ್ತ ಕಲಿಸಬೇಕು, ತಿಂಗಳುಗಟ್ಟಲೆ ಹಿಡೀತೈತಿ ಅಂದಾಳ. ಈಗ ನನ್ನ ಕಾಲಾಗಿನ ಚಪ್ಪಲಿ ಸಪ್ಪಳ ನನಗ ಕೇಳ್ತೈತಿ. ಯಾರೋ ಹಿಂದ ಬರಾಕತ್ತಾರ ಅಂತ ತಿರುತಿರುಗಿ ನೋಡ್ತೇನಿ!

ಸೆಪ್ಟೆಂಬರ್ ಹದಿನೇಳಕ್ಕ ಮಂಗಳವಾರ ಮತ್ತ ಹೋಗಬೇಕು. ಮಶೀನು ನನ್ನ ಕಿವಿಗೆ ಹೊಂದಿಸಬೇಕಂತ. ಮಾಯಾ ಒಂದು ಮಾತು ಅಂದ್ಲು. "ನಾಕನೇ ನಂಬರಿನವರನ್ನ ಕರಕೊಂಡು ಬರ್ರಿ."

ಬರಬೇಕು ಅಂತ ಜುಲುಮಿ ಇಲ್ಲ.

ಶಂಕ್ರಿ


ಬೀಳಗಿ
೯ ಸೆಪ್ಟೆಂಬರ್ ೨೦೨೪

ಶಂಕ್ರಿ,

ಬರ್ತೇನಿ. ಹತ್ತೂವರಿಗೆ ಜಮಖಂಡಿ ಬಸ್ ಸ್ಟ್ಯಾಂಡಿನಾಗ ನಿಂತಿರು. ನನಗ ಮೊಣಕಾಲು ಬ್ಯಾನಿ, ಲಗೂ ನಡಿಯಾಕ ಆಗೂದಿಲ್ಲ, ಅವಸರ ಮಾಡಬ್ಯಾಡ. ಎದುರಿಗೆ ಬಂದ ಮ್ಯಾಲೆ ಏನು ಮಾತಾಡಬೇಕೋ ತಿಳೀವಲ್ದು.

ಯಲ್ಲಿ


ರಬಕವಿ
೧೮ ಸೆಪ್ಟೆಂಬರ್ ೨೦೨೪

ಯಲ್ಲಿ,

ನಿನ್ನೆ ನೀ ಬಸ್ ಹತ್ತಿ ಹೋದ ಮ್ಯಾಲೆ ಮಧುಮತಿ "ಏನಂದ್ರು ಯಲ್ಲಕ್ಕತ್ತಿ?" ಅಂತ ಕೇಳಿದ್ಲು. ಅದನ್ನ ಅಕಿಗಿಂತ ಮೊದಲ ನಿನಗ ಹೇಳಬೇಕು.

ಮಾಯಾನ ಖೋಲ್ಯಾಗ ನೀ ಭಾಳ ಮಾತಾಡಿದಿ. ಕುರಿಗೆ ಬಂದ ಕಾಲುಬ್ಯಾನಿ, ರೇಷ್ಮಾನ ಕೂಸು ಮಣ್ಣು ತಿನ್ನೂದು, ಮೊಣಕಾಲಿಗೆ ಹಚ್ಚಿದ ಎಣ್ಣಿ. ಅಕಿ ಕಂಪ್ಯೂಟರಿನಾಗ ಒಂದೊಂದ ಹೊಂದಿಸಿಕೋತ ಹೋದ್ಲು. ಮೊದಲ ನಿನ್ನ ದನಿ ಕೊಡದಾಗಿಂದ ಬಂದಂಗ ಇತ್ತು. ನಡುವ ಒಮ್ಮೆಲೆ ಮಾತು ಬಿಡಿ ಬಿಡಿ ಆಗಿ ಬಂದುವು. ನಿನ್ನ ದನಿ ಒಡದೈತಿ ಯಲ್ಲಿ. ಮೊದಲ ಗಂಟಲದಾಗ ಇಷ್ಟು ಗೊರಗೊರ ಇರಲಿಲ್ಲ. ನೀ ಮುದುಕಿ ಆಗಿದ್ದು ಕಣ್ಣಿಗೆ ಗೊತ್ತಿತ್ತು, ಕಿವಿಗೆ ನಿನ್ನೆ ಗೊತ್ತಾತು. ಹೊರಗ ಬಂದು ಮಂಡಾಳ ಒಗ್ಗರಣಿ ತಿನ್ನೂವಾಗ ನಾವಿಬ್ರೂ ಹಳೇ ಊರಿನ ಹೆಸರು ಒಂದೊಂದ ತಗದ್ವಿ, ಪಾಂಡಪ್ಪನ ಗಿರಣಿ, ಅಗಸಿ ಕಲ್ಲು, ದೋಣಿ ಕಟ್ಟೂ ಗೂಟ. ನೀ ನಕ್ಕಿ. ನಾನೂ ನಕ್ಕೆ. ಪರಮೇಶನ ಹೆಸರು ನೀ ತಗೀಲಿಲ್ಲ, ನನಗ ತಗಿಯೂ ಧೈರ್ಯ ಆಗಲಿಲ್ಲ.

ಆಮ್ಯಾಲೆ ಬಸ್ ಸ್ಟ್ಯಾಂಡಿನಾಗ ನೀ ನನ್ನ ಮುಂದ ನಿಂತಿದ್ದಿ, ನನ್ನ ಕಡೆ ಬೆನ್ನು ಮಾಡಿ. ನಿನ್ನ ಬಾಯಿ ನನಗ ಕಾಣ್ತಿರಲಿಲ್ಲ. ಸುತ್ತ ಬಸ್ಸು, ಹಾರ್ನು, ಶೇಂಗಾ ಮಾರಾವರು. ನೀ ನಿನ್ನಷ್ಟಕ್ಕ ನೀನ ಅಂದಿ: "ಪರ್ಯಾ ಇದ್ದಿದ್ರ ಇಬ್ರನೂ ಗಾಡಿ ಮ್ಯಾಲೆ ಕುಂದ್ರಿಸಿಕೊಂಡು ಬರ್ತಿದ್ದ."

ಕೇಳ್ತು. ಒಂದೊಂದ ಅಕ್ಷರ ಕೇಳ್ತು.

ಹತ್ತು ವರ್ಷ ಕೇಳದ್ದನ್ನ ಕೇಳಿದಂಗ ಮಾಡಿದಾಕಿ ನಾನು, ನಿನ್ನೆ ಕೇಳಿನೂ ಕೇಳದಾಕಿಯಂಗ ನಿಂತೆ. ಮತ್ತ ಏನರ ತಪ್ಪು ಮಾತು ಬಾಯಾಗ ಬಂದೀತು ಅಂತ ಹೆದರಿದೆ. ಅಷ್ಟರಾಗ ನಿನ್ನ ಬಸ್ ಬಂತು.

ಫೋನ್ ಮಾಡಬಹುದಿತ್ತು. ಫೋನಿನ ಮಾತು ಮಶೀನಿನಾಗ ಬರೂವಂಗ ಮಾಯಾ ಮಾಡಿಕೊಟ್ಟಾಳ. ಆದ್ರ ಇದು ಫೋನಿನಾಗ ಆಡೂ ಮಾತಲ್ಲ. ಅದಕ್ಕ ಬರೀತೇನಿ. ಇಪ್ಪತ್ತೊಂಬತ್ತಕ್ಕ ರವಿವಾರ ನಾ ಬೀಳಗಿಗೆ ಬರ್ತೇನಿ. ಊಟಕ್ಕಲ್ಲ, ಹರಟಿಗಲ್ಲ. ಮಗ ಹೋದ ಮನಿಗೆ ಮಾತಾಡಿಸಾಕ ಬರ್ತೇನಿ. ಹನ್ನೊಂದು ದಿನದೊಳಗ ಬರಬೇಕಾಗಿತ್ತು. ಮೂರು ವರ್ಷ ನಾಕು ತಿಂಗಳು ತಡ ಆತು. ಬ್ಯಾಡ ಅನಬ್ಯಾಡ.

ಒಬ್ಬಾಕಿನ ಬರ್ತೇನಿ. ಅಡಿಗಿ ಮಾಡಬ್ಯಾಡ. ಜ್ವರ ಬಂದ ದಿನದಿಂದ ಸುರು ಮಾಡಿ ಎಲ್ಲಾ ಹೇಳು. ದವಾಖಾನ್ಯಾಗಿಂದ ಅಂವ ಕಡೀಕ ಫೋನಿನಾಗ ಏನಂದ, ನೀ ಏನಂದಿ, ಅದನ್ನೂ ಹೇಳು. ಎಷ್ಟು ಹೊತ್ತಾದ್ರೂ ಆಗ್ಲಿ. ನನಗ ಯಾವುದರ ಮಾತು ತಿಳೀದಿದ್ರ ಕೈ ಎತ್ತಿ ನಿಲ್ಲಿಸ್ತೇನಿ, "ಇನ್ನೊಂದ್ ಸಲ ಹೇಳು ಯಲ್ಲಿ" ಅಂತೇನಿ. ಸಿಟ್ಟಾಗಬ್ಯಾಡ, ಮತ್ತ ಹೇಳು.

ಇದಕ್ಕಿಂತ ಮೊದಲ ನೀ ಯಾರಿಗೂ ಹೇಳಿಲ್ಲ, ನಾನ ಮೊದಲ ಕೇಳಾಕಿ ಅನ್ನೂವಂಗ ಹೇಳು.

ನಿನ್ನ
ಶಂಕ್ರಿ